ಬಣ್ಣಗಳ ವೈದ್ಯ ಪಾಲ್ ಎರ್ಲಿಕ್

ಇಪ್ಪತ್ತನೆಯ ಶತಮಾನ ಆಗತಾನೆ ಕಣ್ಣು ಬಿಡುತ್ತಿದ್ದಾಗ ಆಫ್ರಿಕ ಖಂಡದ ವಿಕ್ಟೋರಿಯ ಸರೋವರದ ದಡದಲ್ಲಿ ಒಂದು ಮಾರಿ ಕಾಲಿಟ್ಟಿತು. ಮೊದಲು ಜ್ವರ, ತಲೆನೋವು, ಕುತ್ತಿಗೆಯಲ್ಲಿ ಗಂಟುಗಳ ಊತ. ತಿಂಗಳುಗಳು ಕಳೆದಂತೆ ಹಗಲೆಲ್ಲ ತೂಕಡಿಕೆ, ಇರುಳಲ್ಲಿ ನಿದ್ರೆಯಿಲ್ಲ. ಮಾತು ತೊದಲುವುದು, ಬುದ್ಧಿ ಕದಡುವುದು. ಬಾಯಿಗೆ ಬಂದ ತುತ್ತನ್ನು ನುಂಗುವಷ್ಟು ಎಚ್ಚರವೂ ಇಲ್ಲದೆ ರೋಗಿಯು ಕೊನೆಗೆ ಎಬ್ಬಿಸಿದರೂ ಏಳದ ನಿದ್ರೆಯಲ್ಲಿ ಪ್ರಾಣ ಬಿಡುವನು. ಇದೇ ನಿದ್ರಾರೋಗ. ಸುಮಾರು ಇಪ್ಪತ್ತು ವರ್ಷಗಳಲ್ಲಿ ಆ ಪ್ರಾಂತದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನ ಇದಕ್ಕೆ ತುತ್ತಾದರು. ಹಳ್ಳಿಗೆ ಹಳ್ಳಿಗಳೇ ಹಾಳುಬಿದ್ದವು. ಟ್ಸೆಟ್ಸೆ ಎಂಬ ನೊಣವು ಕಚ್ಚಿದಾಗ ರಕ್ತಕ್ಕೆ ಸೇರುವ ಟ್ರಿಪನೊಸೋಮ್ ಎಂಬ ಏಕಕೋಶ ಜೀವಿಯೇ ಇದಕ್ಕೆ ಕಾರಣವೆಂದು 1903ರ ವೇಳೆಗೆ ಗೊತ್ತಾಯಿತು. ಕಾರಣ ತಿಳಿಯಿತು, ಮದ್ದು ಮಾತ್ರ ಇರಲಿಲ್ಲ.

ಒಬ್ಬ ಶತ್ರುವನ್ನು ಗೆಲ್ಲಬೇಕಾದರೆ ಅವನ ಮರ್ಮಸ್ಥಾನವನ್ನು ತಿಳಿಯಬೇಕು. ದುರ್ಯೋಧನನಿಗೆ ತೊಡೆಯೇ ಮರ್ಮವೆಂದು ಭೀಮನಿಗೆ ತಿಳಿಯದೆ ಇದ್ದಿದ್ದರೆ ಗದಾಯುದ್ಧವು ಹೇಗೆ ಮುಗಿಯುತ್ತಿತ್ತೋ ಏನೊ! ನಮ್ಮ ದೇಹದೊಳಗೆ ಮನೆಮಾಡಿಕೊಂಡು ನಮ್ಮನ್ನೇ ತಿನ್ನುವ ಪರೋಪಜೀವಿಗಳ ವಿಷಯದಲ್ಲಿ ಈ ತಿಳಿವಳಿಕೆ ಇನ್ನೂ ಕಠಿಣವಾದುದು. ಅವುಗಳನ್ನು ಕೊಲ್ಲುವ ವಿಷಗಳು ಬೇಕಾದಷ್ಟಿವೆ. ಆದರೆ ಅವು ರೋಗಿಯನ್ನೂ ಕೊಲ್ಲುತ್ತವೆ. ನಮ್ಮಲ್ಲಿಲ್ಲದೆ ಆ ಜೀವಿಯಲ್ಲಿ ಮಾತ್ರ ಇರುವ, ಔಷಧವು ಹೋಗಿ ಅಂಟಿಕೊಳ್ಳಬಹುದಾದ ಒಂದು ತಾಣವನ್ನು ಹುಡುಕಬೇಕು. ಈ ಪ್ರಶ್ನೆಯನ್ನು ಸ್ಪಷ್ಟವಾಗಿ ಕೇಳಿಕೊಂಡು, ಅದಕ್ಕೆ ಉತ್ತರ ಪಡೆಯುವ ದಾರಿಯನ್ನೂ ತೋರಿಸಿದವನು ಜರ್ಮನಿಯ ಪಾಲ್ ಎರ್ಲಿಕ್. ಅವನು ವಿಕ್ಟೋರಿಯ ಸರೋವರವನ್ನು ಕಂಡವನಲ್ಲ. ಅವನು ಕಂಡದ್ದು ಬಣ್ಣಗಳನ್ನು ಮತ್ತು ಬಿಳಿಯ ಇಲಿಗಳನ್ನು.

ಎರ್ಲಿಕನು 1854ನೆಯ ಮಾರ್ಚ್ 14ರಂದು ಸೈಲೀಸಿಯ ಪ್ರಾಂತದ ಸ್ಟ್ರೇಲನ್ ಎಂಬ ಸಣ್ಣ ಊರಿನಲ್ಲಿ ಯೆಹೂದ್ಯ ಮನೆತನದಲ್ಲಿ ಹುಟ್ಟಿದನು. ಆ ಊರು ಈಗ ಪೋಲೆಂಡಿಗೆ ಸೇರಿದೆ. ತಂದೆಗೆ ಒಂದು ವಸತಿಗೃಹವೂ ಮದ್ಯದ ಭಟ್ಟಿಯೂ ಇದ್ದವು. ತಾಯಿಯ ಕಡೆಯ ನೆಂಟ ಕಾರ್ಲ್ ವೈಗರ್ಟನು ಇವನಿಗಿಂತ ಒಂಬತ್ತು ವರ್ಷ ಹಿರಿಯ. ಅಂಗಾಂಶಗಳಿಗೂ ಸೂಕ್ಷ್ಮಜೀವಿಗಳಿಗೂ ಕೃತಕ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವ ಕಲೆಯಲ್ಲಿ ಮೊದಲಿಗರಲ್ಲಿ ಒಬ್ಬನು. ಬಣ್ಣದ ಹುಚ್ಚು ಎರ್ಲಿಕನಿಗೆ ಹತ್ತಿದ್ದು ಅವನಿಂದಲೇ.

ಬ್ರೆಸ್ಲಾವ್ ನಗರದ ಪ್ರೌಢಶಾಲೆಯಲ್ಲಿ ಎರ್ಲಿಕನಿಗೆ ಗಣಿತ, ಲ್ಯಾಟಿನ್ ಭಾಷೆಗಳಲ್ಲಿ ಒಳ್ಳೆಯ ಹೆಸರಿದ್ದಿತು. ಪ್ರಬಂಧವೆಂದರೆ ಮಾತ್ರ ಎದೆ ಒಡೆಯುತ್ತಿತ್ತು. ಜೀವನವು ಒಂದು ಕನಸು ಎಂಬ ವಿಷಯವಾಗಿ ಪರೀಕ್ಷೆಯಲ್ಲಿ ಬರೆಯಬೇಕಾಗಿ ಬಂದಾಗ, ಜೀವನವೆಂದರೆ ಉತ್ಕರ್ಷಣ ಕ್ರಿಯೆ, ಕನಸು ಎಂಬುದು ಮಿದುಳಿನ ಒಂದು ಬಗೆಯ ಹೊಳಪು ಎಂದು ಬರೆದು ಅಧ್ಯಾಪಕರ ಕೋಪಕ್ಕೆ ಗುರಿಯಾದನೆಂದು ಹೇಳುವುದುಂಟು. ಪ್ರಬಂಧದಲ್ಲಿ ಕಡಮೆ ಅಂಕ ಪಡೆದ ನಮ್ಮ ಮಿತ್ರರು ಇದರಿಂದ ಸಮಾಧಾನ ತಂದುಕೊಳ್ಳಬಹುದು. ಆದರೆ ಉಳಿದ ವಿಷಯಗಳಲ್ಲಿ ಅವನು ಪಡೆದ ಅಂಕಗಳನ್ನೂ ಅವರು ನೆನಪಿನಲ್ಲಿಡಬೇಕು!

ವೈದ್ಯಶಾಸ್ತ್ರವನ್ನು ಅವನು ಬ್ರೆಸ್ಲಾವ್, ಸ್ಟ್ರಾಸ್‌ಬರ್ಗ್, ಫ್ರೈಬರ್ಗ್, ಲೈಪ್‌ಜಿಗ್ ಎಂದು ಊರೂರು ಸುತ್ತಿ ಕಲಿತನು. ಆ ದಿನಗಳಲ್ಲಿ ಸೀಸದ ವಿಷವನ್ನು ಕುರಿತ ಒಂದು ಗ್ರಂಥವು ಅವನ ಕೈಗೆ ಸಿಕ್ಕಿತು. ದೇಹಕ್ಕೆ ಸೇರಿದ ಸೀಸವು ಎಲ್ಲ ಅಂಗಗಳಲ್ಲಿಯೂ ಸಮನಾಗಿ ಹರಡದೆ ಕೆಲವು ಅಂಗಗಳಲ್ಲಿ ಮಾತ್ರ ಹೆಚ್ಚಾಗಿ ನಿಲ್ಲುತ್ತದೆಂದು ಅದರಲ್ಲಿತ್ತು. ಏತಕ್ಕೆ ಹೀಗೆ? ಈ ಪ್ರಶ್ನೆಯು ಅವನನ್ನು ಜೀವಮಾನವೆಲ್ಲ ಬಿಡಲಿಲ್ಲ. ಸೀಸವು ಎಲ್ಲಿ ನಿಂತಿದೆಯೆಂದು ಕಣ್ಣಿಗೆ ಕಾಣದು, ಬಣ್ಣವಾದರೋ ಕಾಣುತ್ತದೆ. ಆದುದರಿಂದ ಅವನು ಬಣ್ಣಗಳನ್ನು ಹಿಡಿದನು. ಅಂಗಾಂಶಗಳಿಗೆ ಬಣ್ಣ ಕಟ್ಟುವ ವಿಷಯದ ಮೇಲೆಯೇ 1878ರಲ್ಲಿ ಪದವಿಪ್ರಬಂಧವನ್ನು ಬರೆದು ವೈದ್ಯನಾದನು. ಬರ್ಲಿನ್ನಿನ ಚಾರಿಟೆ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿ, ರಕ್ತದ ಬಿಳಿ ಕಣಗಳನ್ನು ಅವು ಹೀರುವ ಬಣ್ಣದಿಂದಲೇ ಜಾತಿಜಾತಿಯಾಗಿ ವಿಂಗಡಿಸಿದನು. ಇಂದಿಗೂ ಆಸ್ಪತ್ರೆಗಳ ರಕ್ತಪರೀಕ್ಷೆಯ ಚೀಟಿಯಲ್ಲಿ ಕಾಣುವ ಇಯೋಸಿನೊಫಿಲ್ ಮೊದಲಾದ ಹೆಸರುಗಳು ಆ ಕೆಲಸದಿಂದ ಬಂದವು.

1882ನೆಯ ಮಾರ್ಚ್ 24ರಂದು ರಾಬರ್ಟ್ ಕಾಖನು ಬರ್ಲಿನ್ನಿನಲ್ಲಿ ಕ್ಷಯದ ಕ್ರಿಮಿಯನ್ನು ಕಂಡುಹಿಡಿದ ಸಂಗತಿಯನ್ನು ಪ್ರಕಟಿಸಿದಾಗ ಸಭೆಯಲ್ಲಿ ಎರ್ಲಿಕನೂ ಇದ್ದನು. ಆ ಕ್ರಿಮಿಗೆ ಬಣ್ಣ ಹಿಡಿಸುವ ಉತ್ತಮ ವಿಧಾನವನ್ನು ಅವನು ಕೂಡಲೇ ಹುಡುಕಿಕೊಟ್ಟನು. ಒಣಗಲೆಂದು ಒಲೆಯ ಮೇಲಿಟ್ಟಿದ್ದ ಗಾಜಿನ ತುಣುಕುಗಳು, ಯಾರೋ ತಿಳಿಯದೆ ಒಲೆ ಹಚ್ಚಿದ್ದರಿಂದ ಕಾದು, ಬಣ್ಣ ಚೆನ್ನಾಗಿ ಕಚ್ಚಿಕೊಂಡವೆಂಬ ಕಥೆಯೂ ಇದೆ. ಅದೇ ಬಣ್ಣವು ಕೆಲವು ವರ್ಷಗಳ ಮೇಲೆ ಅವನ ಸ್ವಂತ ಕಫದಲ್ಲಿಯೇ ಕ್ಷಯದ ಕ್ರಿಮಿಗಳನ್ನು ತೋರಿಸಿತು. 1888ರಲ್ಲಿ ಹೆಂಡತಿ ಹೆಡ್‌ವಿಗಳೊಡನೆ ಈಜಿಪ್ಟಿಗೆ ಹೋಗಿ, ಅಲ್ಲಿಯ ಒಣಹವೆಯಲ್ಲಿ ಚೇತರಿಸಿಕೊಂಡು ಮರುವರ್ಷ ಹಿಂದಿರುಗಿದನು.

ಈ ನಡುವೆ ಅವನು ಒಂದು ವಿಚಿತ್ರವನ್ನು ಕಂಡಿದ್ದನು. ಮೆಥಿಲೀನ್ ನೀಲಿ ಎಂಬ ಬಣ್ಣವನ್ನು ಜೀವಂತ ಪ್ರಾಣಿಯ ರಕ್ತಕ್ಕೆ ಹಾಕಿದರೆ ಅದು ನರಗಳನ್ನು ಹುಡುಕಿಕೊಂಡು ಹೋಗಿ ನೀಲಿಯಾಗಿಸುತ್ತದೆ. ಸುತ್ತಣ ಮಾಂಸವನ್ನು ಅಷ್ಟಾಗಿ ಮುಟ್ಟುವುದಿಲ್ಲ. ಇದೇ ಬಣ್ಣವು ಮಲೇರಿಯದ ಪರೋಪಜೀವಿಯನ್ನೂ ಚೆನ್ನಾಗಿ ಹಿಡಿಯುತ್ತದೆ. ಅಂಟಿಕೊಂಡ ಬಣ್ಣವು ಏಕೆ ಕೊಲ್ಲಬಾರದು? 1891ರಲ್ಲಿ ಎರ್ಲಿಕನೂ ಅವನ ಜೊತೆಗಾರ ಗುಟ್‌ಮನ್ನನೂ ಬರ್ಲಿನ್ನಿನಲ್ಲಿ ಇಬ್ಬರು ಮಲೇರಿಯ ರೋಗಿಗಳಿಗೆ ಮೆಥಿಲೀನ್ ನೀಲಿಯನ್ನು ಕೊಟ್ಟರು. ಇಬ್ಬರೂ ಗುಣಹೊಂದಿದರು. ಕ್ವಿನೀನಿನಷ್ಟು ಬಲವಾದ ಮದ್ದು ಅದಲ್ಲ. ಆದರೂ ಮನುಷ್ಯನು ಕಾರ್ಖಾನೆಯಲ್ಲಿ ತಯಾರಿಸಿದ ಬಣ್ಣವೊಂದು ಮನುಷ್ಯನ ರಕ್ತದಲ್ಲಿದ್ದ ಪರೋಪಜೀವಿಯನ್ನು ಕೊಂದದ್ದು ಅದೇ ಮೊದಲು.

ಅನಂತರದ ಹತ್ತು ವರ್ಷಗಳು ಬೇರೆ ಕಡೆಗೆ ಹೋದವು. ಗಂಟಲಮಾರಿಗೆ ಬೇರಿಂಗನು ಕಂಡುಹಿಡಿದ ರಕ್ತರಸದ ಶಕ್ತಿಯನ್ನು ನಿಖರವಾಗಿ ಅಳೆಯುವ ಕ್ರಮವನ್ನು ಎರ್ಲಿಕನು ಸ್ಥಾಪಿಸಿದನು. ಜೀವಕೋಶದ ಮೈಮೇಲೆ ಪಾರ್ಶ್ವಸರಪಣಿಗಳೆಂಬ ಕೊಂಡಿಗಳಿವೆ, ವಿಷವು ತನಗೆ ಹೊಂದುವ ಕೊಂಡಿಗೆ ಮಾತ್ರ ಸಿಕ್ಕಿಕೊಳ್ಳುತ್ತದೆ ಎಂಬ ಸಿದ್ಧಾಂತವನ್ನು 1897ರಲ್ಲಿ ಮುಂದಿಟ್ಟನು. 1899ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಅವನಿಗಾಗಿಯೇ ಒಂದು ಸಂಸ್ಥೆ ಏರ್ಪಟ್ಟಿತು. 1908ರಲ್ಲಿ ಮೆಚ್ನಿಕಾಫನೊಡನೆ ನೊಬೆಲ್ ಪಾರಿತೋಷಕವು ದೊರೆತದ್ದು ಈ ರೋಗರಕ್ಷಣೆಯ ಸಂಶೋಧನೆಗಳಿಗಾಗಿ. ಅಷ್ಟರಲ್ಲಿ ಅವನ ಮನಸ್ಸು ಮತ್ತೆ ಬಣ್ಣಗಳ ಕಡೆಗೆ ತಿರುಗಿ ಕೆಲವು ವರ್ಷಗಳೇ ಆಗಿದ್ದವು.

ಪ್ಯಾರಿಸ್ಸಿನಲ್ಲಿ ಲಾವೆರನ್ ಮತ್ತು ಮೆನಿಲ್ ಎಂಬವರು ಟ್ರಿಪನೊಸೋಮುಗಳನ್ನು ಇಲಿಗಳಲ್ಲಿ ಬೆಳೆಸಬಹುದೆಂದು ತೋರಿಸಿದ್ದರು. ಎರ್ಲಿಕನಿಗೆ ಇದೇ ಬೇಕಾಗಿದ್ದಿತು. ಇಲಿಯು ಅಗ್ಗ, ರೋಗ ತಗುಲಿಸಿದ ಕೆಲವೇ ದಿನಗಳಲ್ಲಿ ಸಾಯುತ್ತದೆ, ಬಾಲದ ತುದಿಯಿಂದ ಒಂದು ಹನಿ ರಕ್ತವನ್ನು ತೆಗೆದು ನೋಡಿದರೆ ಮದ್ದು ಕೆಲಸ ಮಾಡಿತೋ ಇಲ್ಲವೋ ತಿಳಿಯುತ್ತದೆ. ಭೇದಿಯ ಕ್ರಿಮಿಯನ್ನು ಕಂಡುಹಿಡಿದು ಖ್ಯಾತನಾಗಿದ್ದ ಜಪಾನಿನ ಕಿಯೋಷಿ ಷಿಗನು ಫ್ರಾಂಕ್‌ಫರ್ಟಿಗೆ ಬಂದು ಅವನ ಜೊತೆ ಸೇರಿದನು. ಇಬ್ಬರೂ ನೂರಕ್ಕೂ ಹೆಚ್ಚು ಬಣ್ಣಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಒಂದು ಕೆಂಪು ಬಣ್ಣವು ಸ್ವಲ್ಪ ಗುಣ ತೋರಿಸಿತಾದರೂ ನೀರಿನಲ್ಲಿ ಸರಿಯಾಗಿ ಕರಗದೆ ಚುಚ್ಚಿದ ಜಾಗದಲ್ಲಿಯೇ ನಿಲ್ಲುತ್ತಿತ್ತು. ಗಂಧಕವಿರುವ ಒಂದು ಗುಂಪನ್ನು ಹೆಚ್ಚಾಗಿ ಸೇರಿಸಿ ಅದನ್ನು ಕರಗುವಂತೆ ಮಾಡಿಸಿದರು. ಹೀಗೆ 1904ರಲ್ಲಿ ಟ್ರಿಪನ್ ಕೆಂಪು ಹುಟ್ಟಿತು. ಕುದುರೆಗಳಿಗೆ ಬರುವ ಒಂದು ಬಗೆಯ ಟ್ರಿಪನೊಸೋಮ್ ತಗುಲಿ ಸಾಯಬೇಕಾಗಿದ್ದ ಇಲಿಗಳು ಮೈಯೆಲ್ಲ ಕೆಂಪಾಗಿ ಬದುಕಿದವು. ಆದರೆ ದೊಡ್ಡ ಪ್ರಾಣಿಗಳಲ್ಲಿಯೂ ಮನುಷ್ಯರಲ್ಲಿಯೂ ಅದರ ಆಟ ನಡೆಯಲಿಲ್ಲ.

ಮರುವರ್ಷ ಲಿವರ್‌ಪೂಲಿನಿಂದ ಬೇರೊಂದು ಸುದ್ದಿ ಬಂದಿತು. ಅಟಾಕ್ಸಿಲ್ ಎಂಬ ಪಾಷಾಣದ ಸಂಯುಕ್ತವು ಟ್ರಿಪನೊಸೋಮುಗಳನ್ನು ಕೊಲ್ಲುತ್ತದೆಂದು ಅಲ್ಲಿಯ ವೈದ್ಯರು ತಿಳಿಸಿದರು. 1906ರಲ್ಲಿ ಕಾಖನೇ ಅದನ್ನು ಹಿಡಿದು ವಿಕ್ಟೋರಿಯ ಸರೋವರದ ಸೆಸೆ ದ್ವೀಪಗಳಿಗೆ ಹೋದನು. ರೋಗಿಗಳು ದೋಣಿಗಳಲ್ಲಿ ಬಂದು ಮುತ್ತಿದರು. ಮೊದಲು ಕೊಟ್ಟ ಪ್ರಮಾಣದಿಂದ ರೋಗವು ಮರುಕಳಿಸುವುದನ್ನು ಕಂಡು ಪ್ರಮಾಣವನ್ನು ಇಮ್ಮಡಿ ಮಾಡಿದರು. ಇಪ್ಪತ್ತಕ್ಕೂ ಹೆಚ್ಚು ಮಂದಿ ಕಣ್ಣಿನ ನರ ಸತ್ತು ಶಾಶ್ವತವಾಗಿ ಕುರುಡರಾದರು. ಬೇರೆ ದೇಶದಿಂದ ಬಂದ ದೊಡ್ಡ ವೈದ್ಯರನ್ನು ನಂಬಿ ತೋಳೊಡ್ಡಿದ ಆ ಜನರ ಹೆಸರುಗಳು ಯಾವ ಪಾಠಪುಸ್ತಕದಲ್ಲಿಯೂ ಇಲ್ಲ. ಪಾಷಾಣವು ಪರೋಪಜೀವಿಗೆ ಅಂಟಿದಂತೆಯೇ ಕಣ್ಣಿನ ನರಕ್ಕೂ ಅಂಟಿದ್ದಿತು. ಎರ್ಲಿಕನ ಹಳೆಯ ಪ್ರಶ್ನೆಯು ಈಗ ವಿದ್ಯಾರ್ಥಿಯ ಕುತೂಹಲವಾಗಿ ಉಳಿಯಲಿಲ್ಲ.

ಅದೇ 1906ರಲ್ಲಿ, ಗಿಯಾರ್ಗ್ ಸ್ಪೈಯರ್ ಎಂಬ ಸಾಹುಕಾರನ ವಿಧವೆಯು ಗಂಡನ ನೆನಪಿಗಾಗಿ ಕೊಟ್ಟ ಹಣದಿಂದ ಫ್ರಾಂಕ್‌ಫರ್ಟಿನಲ್ಲಿ ಹೊಸ ಸಂಶೋಧನಾಲಯವು ತೆರೆಯಿತು. ಅಲ್ಲಿ ಎರ್ಲಿಕನ ಕೋಣೆಯ ಸ್ಥಿತಿಯನ್ನು ಕಂಡವರೆಲ್ಲ ಬರೆದಿದ್ದಾರೆ. ಕುರ್ಚಿ, ಸೋಫ, ನೆಲ ಎಲ್ಲೆಲ್ಲಿಯೂ ಪುಸ್ತಕ, ಪತ್ರಿಕೆಗಳ ರಾಶಿ. ಬಂದವರಿಗೆ ಕುಳಿತುಕೊಳ್ಳಲು ಸ್ಥಳವಿಲ್ಲ. ಬಾಯಲ್ಲಿ ಯಾವಾಗಲೂ ಚುಟ್ಟ. ದಿನಕ್ಕೆ ಇಪ್ಪತ್ತೈದರವರೆಗೆ ಸೇದುತ್ತಿದ್ದನಂತೆ. ಬಣ್ಣಬಣ್ಣದ ಚೀಟಿಗಳ ಮೇಲೆ ಬಣ್ಣದ ಪೆನ್ಸಿಲಿನಿಂದ ಆ ದಿನದ ಆಜ್ಞೆಗಳನ್ನು ಬರೆದು ಪ್ರತಿಯೊಬ್ಬ ಸಹಾಯಕನಿಗೂ ಕಳುಹಿಸುವನು. ಇಂತಹ ಯಜಮಾನನ ಕೈಕೆಳಗೆ ಕೆಲಸಮಾಡುವುದು ಸುಖವಾಗಿತ್ತೆಂದು ನನಗೆ ತೋರುವುದಿಲ್ಲ.

ಅಟಾಕ್ಸಿಲಿನ ರಚನೆಯನ್ನು ರಸಾಯನಶಾಸ್ತ್ರಜ್ಞರು ಅದುವರೆಗೆ ತಪ್ಪಾಗಿ ತಿಳಿದಿದ್ದರು. 1907ರಲ್ಲಿ ಎರ್ಲಿಕನೂ ಬರ್ತೈಮನೂ ಅದರ ನಿಜವಾದ ರಚನೆಯನ್ನು ಕಂಡುಹಿಡಿದರು. ಪಾಷಾಣವು ಇಂಗಾಲದ ಉಂಗುರಕ್ಕೆ ಭದ್ರವಾಗಿ ಕೂಡಿಕೊಂಡಿದ್ದುದರಿಂದ ಉಂಗುರದ ಇನ್ನೊಂದು ತುದಿಯನ್ನು ಬೇಕಾದಂತೆ ಮಾರ್ಪಡಿಸಬಹುದಾಗಿತ್ತು. ನೂರಾರು ಸಂಯುಕ್ತಗಳು ತಯಾರಾದವು. ಪ್ರತಿಯೊಂದಕ್ಕೂ ಒಂದು ಸಂಖ್ಯೆ.

ಈ ಕಾಲದಲ್ಲಿಯೇ ಪ್ರಯೋಗಶಾಲೆಯಲ್ಲಿ ಒಂದು ತೊಂದರೆ ಕಾಣಿಸಿಕೊಂಡಿತು. ಸ್ವಲ್ಪಸ್ವಲ್ಪವೇ ಮದ್ದು ಪಡೆದ ಇಲಿಗಳಲ್ಲಿ ರೋಗವು ಮರುಕಳಿಸುವುದು. ಮತ್ತೆ ಅದೇ ಮದ್ದು ಕೊಟ್ಟರೆ ಟ್ರಿಪನೊಸೋಮುಗಳು ಜಗ್ಗುತ್ತಿರಲಿಲ್ಲ. ಇಲಿಯಿಂದ ಇಲಿಗೆ ಎಷ್ಟು ಸಲ ದಾಟಿಸಿದರೂ ಆ ಮೊಂಡುತನ ಹೋಗಲಿಲ್ಲ. ಮದ್ದು ಹುಡುಕುವವನಿಗೆ ಇದಕ್ಕಿಂತ ನಿರಾಶೆ ಬೇರೆ ಬೇಕೆ? ಬೇರೆಯವನಾಗಿದ್ದರೆ ಆ ಇಲಿಗಳನ್ನು ಎಸೆದುಬಿಡುತ್ತಿದ್ದನು. ಎರ್ಲಿಕನು ಅವುಗಳನ್ನು ಜೋಪಾನ ಮಾಡಿದನು. ಪಾಷಾಣಕ್ಕೆ ಬಗ್ಗದ ವಂಶಕ್ಕೆ ಟ್ರಿಪನ್ ಕೆಂಪನ್ನು ಕೊಟ್ಟರೆ ಅದು ಎಂದಿನಂತೆ ಸಾಯುತ್ತಿತ್ತು. ಟ್ರಿಪನ್ ಕೆಂಪಿಗೆ ಬಗ್ಗದ ವಂಶವನ್ನು ಪಾಷಾಣವು ಕೊಲ್ಲುತ್ತಿತ್ತು. ಫಕ್ಸಿನ್ ಎಂಬ ಮೂರನೆಯ ಜಾತಿಯ ಬಣ್ಣಕ್ಕೆ ಬಗ್ಗದ ವಂಶವು ಮೊದಲೆರಡಕ್ಕೂ ಬಗ್ಗುತ್ತಿತ್ತು. ಎಂದಮೇಲೆ ಈ ಮೂರು ಮದ್ದುಗಳೂ ಪರೋಪಜೀವಿಯ ಒಂದೇ ಕಡೆ ತಾಗುತ್ತಿಲ್ಲ. ಒಂದೊಂದಕ್ಕೂ ಬೇರೆಬೇರೆ ಗ್ರಾಹಕವಿದೆ. ಮೊಂಡುಬಿದ್ದ ವಂಶದಲ್ಲಿ ಆ ಒಂದು ಗ್ರಾಹಕದ ಹಿಡಿತವು ಸಡಿಲವಾಗಿದೆ, ಅಷ್ಟೆ. ಸೂಕ್ಷ್ಮದರ್ಶಕಕ್ಕೂ ಕಾಣದ ಮರ್ಮಸ್ಥಾನಗಳನ್ನು, ಸಾಯಲೊಲ್ಲದ ಟ್ರಿಪನೊಸೋಮುಗಳ ಬಾಯಿಂದಲೇ ಅವನು ಹೊರಡಿಸಿದನು. ಹೊಸ ಮದ್ದು ಯಾವ ಜಾತಿಯದೆಂದು ತಿಳಿಯಬೇಕಾದರೆ ಈ ಮೊಂಡು ವಂಶಗಳ ಮೇಲೆ ಅದನ್ನು ಜರಡಿಯಾಡಿದರೆ ಸಾಕು. ಒಂದೇ ಕಾಲದಲ್ಲಿ ಎರಡು ಬೇರೆ ಗ್ರಾಹಕಗಳಿಗೆ ತಾಗುವ ಎರಡು ಮದ್ದುಗಳನ್ನು ಕೂಡಿಸಿ ಕೊಡಬೇಕೆಂಬ ಸಲಹೆಯೂ ಅವನು ಇದರಿಂದಲೇ ಪಡೆದದ್ದು. ನನ್ನ ಮಟ್ಟಿಗೆ ಅವನಿಗೆ ಕೀರ್ತಿ ತಂದ 606ಕ್ಕಿಂತಲೂ ಇದೇ ದೊಡ್ಡ ಶೋಧ.

ಆದರೂ 606ರ ಮಾತನ್ನು ಬಿಡುವಂತಿಲ್ಲ. 418ನೆಯ ಸಂಯುಕ್ತವು ಅಟಾಕ್ಸಿಲಿಗೆ ಬಗ್ಗದ ಟ್ರಿಪನೊಸೋಮುಗಳನ್ನೂ ಇಲಿಗಳಲ್ಲಿ ಕೊಂದಿತು. ಮನುಷ್ಯರಲ್ಲಿ ಮಾತ್ರ ಅಪಾಯಕಾರಿಯೆಂದು ಕಂಡು ಅದನ್ನು ಕೈಬಿಡಬೇಕಾಯಿತು. 1907ರಲ್ಲಿಯೇ ತಯಾರಾಗಿದ್ದ 606ನ್ನು ಒಬ್ಬ ಸಹಾಯಕನು ನಿಷ್ಪ್ರಯೋಜಕವೆಂದು ಮೂಲೆಗಿಟ್ಟಿದ್ದನು. 1909ರಲ್ಲಿ ಟೋಕಿಯೋದಿಂದ ಬಂದ ಸಹಾಚಿರೊ ಹಾಟನು ಅದನ್ನು ಮತ್ತೆ ಪರೀಕ್ಷಿಸಿ, ಫರಂಗಿರೋಗ ತಗುಲಿದ ಮೊಲಗಳು ಅದರಿಂದ ಗುಣವಾಗುವುದನ್ನು ತೋರಿಸಿದನು. 1910ರಲ್ಲಿ ಸಾಲ್ವರ್ಸಾನ್ ಎಂಬ ಹೆಸರಿನಿಂದ ಅದು ಪೇಟೆಗೆ ಬರುವ ಮೊದಲು ಸುಮಾರು 65,000 ಪ್ರಮಾಣಗಳನ್ನು ವೈದ್ಯರಿಗೆ ಉಚಿತವಾಗಿ ಕಳುಹಿಸಿ ವರದಿಗಳನ್ನು ತರಿಸಿಕೊಂಡನು. ಯೂರೋಪಿನ ಪ್ರತಿ ನಗರದಲ್ಲಿಯೂ ಫರಂಗಿರೋಗವಿತ್ತು. ಆದುದರಿಂದ ಮದ್ದಿಗೆ ಬೆಲೆ ತೆರುವವರೂ ಇದ್ದರು. ನಿದ್ರಾರೋಗಕ್ಕಾಗಿ ಆರಂಭವಾದ ಹುಡುಕಾಟದ ಫಲವನ್ನು ಮೊದಲು ಉಂಡವರು ಬರ್ಲಿನ್, ಪ್ಯಾರಿಸ್‌ಗಳ ರೋಗಿಗಳು. ಇದನ್ನು ಎರ್ಲಿಕನ ತಪ್ಪೆಂದು ಹೇಳಲಾಗದು. ಆದರೆ ಹಾಗೆ ನಡೆದದ್ದು ನಿಜ.

ಕೀರ್ತಿಯ ಹಿಂದೆಯೇ ನಿಂದೆಯೂ ಬಂದಿತು. ಸರಿಯಾಗಿ ಚುಚ್ಚದೆ ಹೋದ ಕಡೆ ಕೆಲವರು ಸತ್ತರು, ಕೆಲವರಿಗೆ ಕೈಕಾಲು ಕೆಟ್ಟವು. ಎರ್ಲಿಕನು ಹಣಕ್ಕಾಗಿ ಜನರನ್ನು ಕೊಲ್ಲುತ್ತಿದ್ದಾನೆಂದು ಪತ್ರಿಕೆಗಳಲ್ಲಿ ಬರೆದವರುಂಟು. ಯೆಹೂದ್ಯನೆಂಬ ದ್ವೇಷವೂ ಅದರಲ್ಲಿ ಬೆರೆತಿತ್ತು. 1914ರಲ್ಲಿ ಫ್ರಾಂಕ್‌ಫರ್ಟಿನ ನ್ಯಾಯಾಲಯವು ಅಂತಹ ಬರೆಹಗಾರನೊಬ್ಬನಿಗೆ ಶಿಕ್ಷೆ ವಿಧಿಸಿದರೂ ಎರ್ಲಿಕನ ಮನಸ್ಸು ಮುರಿದಿತ್ತು. ಅದೇ ಆಗಸ್ಟಿನಲ್ಲಿ ಮಹಾಯುದ್ಧವು ಆರಂಭವಾಯಿತು. ಬರ್ತೈಮನು ಯುದ್ಧದ ಮೊದಲ ದಿನಗಳಲ್ಲಿಯೇ ಬಿದ್ದು ಸತ್ತನು. ವರ್ಷದ ಕೊನೆಯಲ್ಲಿ ಎರ್ಲಿಕನಿಗೆ ಲಕ್ವ ಹೊಡೆಯಿತು. 1915ನೆಯ ಆಗಸ್ಟ್ 20ರಂದು ಬಾಡ್ ಹಾಂಬರ್ಗಿನಲ್ಲಿ ತೀರಿಕೊಂಡನು. ಅವನ ಹೆಸರಿನ ಬೀದಿಯೊಂದು ಫ್ರಾಂಕ್‌ಫರ್ಟಿನಲ್ಲಿತ್ತು. ನಾಟ್ಸಿಗಳ ಕಾಲದಲ್ಲಿ ಆ ಹೆಸರನ್ನು ತೆಗೆದುಹಾಕಿದರು. ವಿಧವೆ ಹೆಡ್‌ವಿಗಳು ಮುದಿವಯಸ್ಸಿನಲ್ಲಿ ದೇಶ ಬಿಟ್ಟು ಹೋಗಬೇಕಾಯಿತು.

ಅವನು ಸತ್ತಮೇಲೆಯೂ ಟ್ರಿಪನೊಸೋಮಿನ ಕಥೆ ಮುಗಿಯಲಿಲ್ಲ. ಅವನ ಹಿಂದಿನ ಸಹಾಯಕ ರೋಲನು ಕೆಲಸಮಾಡಿದ ಬಾಯರ್ ಕಂಪನಿಯಲ್ಲಿ, ಟ್ರಿಪನ್ ಬಣ್ಣಗಳ ಜಾಡಿನಲ್ಲಿಯೇ ಹೋಗಿ, ಬಣ್ಣವಿಲ್ಲದ ಸುರಾಮಿನ್ ಸಿಕ್ಕಿತು. ರೋಗವು ಮಿದುಳಿಗೆ ಏರಿದ ಮೇಲೆ ಅದು ಕೆಲಸಕ್ಕೆ ಬಾರದು. ಆ ಹಂತಕ್ಕೆ 1949ರಲ್ಲಿ ಮೆಲಾರ್ಸೊಪ್ರೊಲ್ ಬಂದಿತು. ಅದೂ ಪಾಷಾಣವೇ, ರಕ್ತನಾಳಕ್ಕೆ ಚುಚ್ಚಿದರೆ ಬೆಂಕಿಯಂತೆ ಉರಿಯುತ್ತದೆ, ಚಿಕಿತ್ಸೆ ಪಡೆದ ನೂರರಲ್ಲಿ ಸುಮಾರು ಐವರನ್ನು ಮದ್ದೇ ಕೊಲ್ಲುತ್ತದೆ. ಬೇರೆ ದಾರಿಯಿಲ್ಲದೆ ಅರ್ಧ ಶತಮಾನ ಅದನ್ನೇ ಕೊಟ್ಟರು. ಆಮೇಲೆ ಅದಕ್ಕೂ ಬಗ್ಗದ ಟ್ರಿಪನೊಸೋಮುಗಳು ಹುಟ್ಟಿಕೊಂಡವು. ಅವುಗಳಲ್ಲಿ ಏನು ಬದಲಾಗಿದೆ ಎಂದು ಹುಡುಕಿದಾಗ, 1993ರಲ್ಲಿ ಉತ್ತರ ಸಿಕ್ಕಿತು. ಆ ಜೀವಿಯು ತನಗೆ ಬೇಕಾದ ಅಡಿನೊಸಿನ್ ಎಂಬ ಆಹಾರವಸ್ತುವನ್ನು ಒಳಕ್ಕೆ ಎಳೆದುಕೊಳ್ಳುವ ಬಾಗಿಲಿನ ಮೂಲಕವೇ ಪಾಷಾಣವೂ ಒಳನುಗ್ಗುತ್ತಿತ್ತು. ಮೊಂಡು ವಂಶದಲ್ಲಿ ಆ ಬಾಗಿಲು ಕೆಟ್ಟಿತ್ತು. 2012ರಲ್ಲಿ ಇನ್ನೊಂದು ಬಾಗಿಲೂ ಗೊತ್ತಾಯಿತು. ಪಾಷಾಣವು ಒಳಹೊಕ್ಕು ಹಿಡಿಯುವ ಟ್ರಿಪನೊಥಯೋನ್ ಎಂಬ ವಸ್ತುವಾದರೋ ಮನುಷ್ಯನಲ್ಲಿ ಇಲ್ಲವೇ ಇಲ್ಲ. ಅದು 1985ರಲ್ಲಿ ಬೆಳಕಿಗೆ ಬಂದಿತ್ತು. ಎರ್ಲಿಕನು ಹೆಸರಿಟ್ಟು ಕಾಣದೆ ಹೋದ ಪಾಷಾಣದ ಗ್ರಾಹಕವನ್ನು ಹೀಗೆ ತುಂಡುತುಂಡಾಗಿ ಕಂಡರು.

ಮರ್ಮ ತಿಳಿದರೆ ಸಾಲದು, ಮದ್ದು ತಯಾರಿಸುವವರೂ ಬೇಕಲ್ಲ! ಟ್ರಿಪನೊಸೋಮಿನ ಒಂದು ಕಿಣ್ವವನ್ನು ಕಟ್ಟಿಹಾಕುವ ಎಫ್ಲಾರ್ನಿಥೀನ್ 1990ರಲ್ಲಿ ಒಪ್ಪಿಗೆ ಪಡೆಯಿತು. ಅದರ ಮುಂದೆ ಪಾಷಾಣವು ಬೇಡವೇ ಬೇಡ. ಆದರೆ ಕೊಳ್ಳಬೇಕಾದವರು ಆಫ್ರಿಕದ ಹಳ್ಳಿಗರು. ಲಾಭವಿಲ್ಲವೆಂದು ಕೆಲವೇ ವರ್ಷಗಳಲ್ಲಿ ತಯಾರಿಕೆ ನಿಂತಿತು. ಅದೇ ವಸ್ತುವು ಹೆಂಗಸರ ಮುಖದ ಕೂದಲನ್ನು ತಡೆಯುವ ಲೇಪವಾಗಿ 2000ರಲ್ಲಿ ಅಮೆರಿಕದ ಅಂಗಡಿಗಳಿಗೆ ಬಂದಿತು. ವೈದ್ಯರ ಸಂಘಗಳೂ ವಿಶ್ವ ಆರೋಗ್ಯ ಸಂಸ್ಥೆಯೂ ಹಟ ಹಿಡಿದ ಮೇಲೆ 2001ರಲ್ಲಿ ರೋಗಿಗಳಿಗಾಗಿ ಮತ್ತೆ ತಯಾರಾಯಿತು. 2009ರಿಂದ ಅದನ್ನು ಬೇರೆ ಕಡೆ ತಾಗುವ ನಿಫರ್ಟಿಮಾಕ್ಸ್‌ನೊಡನೆ ಕೂಡಿಸಿ ಕೊಡತೊಡಗಿದರು. 2018ರಲ್ಲಿ ಬಾಯಿಂದ ನುಂಗುವ ಫೆಕ್ಸಿನಿಡಜೋಲ್ ಬಂದಿತು. ಊರೂರು ಸುತ್ತಿ ರೋಗಿಗಳನ್ನು ಹುಡುಕಿದ ದಾದಿಯರ ಶ್ರಮವೂ ಸೇರಿ, 1998ರಲ್ಲಿ ಸುಮಾರು 40,000 ಇದ್ದ ವರದಿಯಾದ ರೋಗಿಗಳ ಸಂಖ್ಯೆಯು 2018ರಲ್ಲಿ ಸಾವಿರಕ್ಕಿಂತ ಕಡಮೆಯಾಯಿತು.

ಅದೇ ವರ್ಷ, ಒಂದೇ ಸಲ ನುಂಗಿದರೆ ಸಾಕೆಂದು ಪರೀಕ್ಷೆಯಲ್ಲಿದ್ದ ಅಕೊಜಿಬೊರೋಲ್ ಎಂಬ ಮದ್ದು ಟ್ರಿಪನೊಸೋಮಿನ ಯಾವ ತಾಣಕ್ಕೆ ತಾಗುತ್ತದೆಂಬುದನ್ನೂ ಕಂಡುಹಿಡಿದರು. ಮದ್ದು ಮೊದಲು ಸಿಕ್ಕಿತ್ತು, ಮರ್ಮ ತಿಳಿದಿರಲಿಲ್ಲ. ಟ್ರಿಪನೊಸೋಮುಗಳಲ್ಲಿ ಒಂದೊಂದರೊಳಗೆ ಒಂದೊಂದು ಜೀನು ಹೆಚ್ಚಾಗಿ ದುಡಿಯುವಂತೆ ಮಾಡಿ, ಎಲ್ಲಕ್ಕೂ ಆ ಮದ್ದನ್ನು ಕೊಟ್ಟು, ಸಾಯದೆ ಉಳಿದ ಮೊಂಡುಗಳನ್ನು ಹೆಕ್ಕಿ ತೆಗೆದು, ಅವುಗಳಲ್ಲಿ ಯಾವ ಜೀನು ಹೆಚ್ಚಿದೆಯೆಂದು ನೋಡಿದರು.